ಕೂಡದ ಮೊಣಕಾಲ ಚಿಪ್ಪು: ಆಪರೇಷನ್ ಹೇಗೆ ಮಾಡುತ್ತಾರೆ?

ಬೈಕ್ ಜಾರಿಯೋ, ಕಬ್ಬಿನ ಟ್ರೇಲರ್‌ನಿಂದ ಬಿದ್ದೋ ಚಿಪ್ಪು ಒಡೆದಾಗ ಪಟ್ಟಿ ಕಟ್ಟಿಸಿಕೊಂಡು ಸುಮ್ಮನಾಗುವವರು ಬಾಗಲಕೋಟೆ, ವಿಜಯಪುರದ ಕಡೆ ಇನ್ನೂ ಇದ್ದಾರೆ. ಬಾವು ಇಳಿಯುತ್ತದೆ, ನೋವೂ ತಗ್ಗುತ್ತದೆ. ಆದರೆ ಚಿಪ್ಪು ಅಡ್ಡಲಾಗಿ ಒಡೆದಿದ್ದರೆ ತೊಡೆಯ ಸ್ನಾಯು ಮೇಲಿನ ತುಂಡನ್ನು ಎಳೆಯುತ್ತಲೇ ಇರುತ್ತದೆ. ನಡುವಿನ ಸಂದಿಯಲ್ಲಿ ಎಲುಬಿನ ಬದಲು ನಾರು ಬೆಳೆಯುತ್ತದೆ, ತುಂಡುಗಳು ಕೂಡುವುದೇ ಇಲ್ಲ.

ಗಾಯವಾದವರನ್ನು ಮಲಗಿಸಿ, ಕಾಲು ನೆಟ್ಟಗೆ ಎತ್ತಲು ಹೇಳಿ. ಹಿಮ್ಮಡಿ ಮೇಲೇಳದಿದ್ದರೆ, ಚಿಪ್ಪಿನ ಮೇಲೆ ಬೆರಳಾಡಿಸಿದಾಗ ತಗ್ಗು ಸಿಕ್ಕರೆ ಪಕ್ಕದಿಂದ ಎಕ್ಸ್‌ರೇ ತೆಗೆಸಲೇಬೇಕು. ಸಂದಿ ಕಿರಿದಾಗಿದ್ದು ಕಾಲು ಪೂರ್ತಿ ಚಾಚಲು ಬಂದರೆ, ವಯಸ್ಸಾದವರಿಗೆ ಕತ್ತಿ ಆಡಿಸದೆಯೂ ನಡೆಯುತ್ತದೆ. ಕೀವು ಇದ್ದರೆ ಮೊದಲು ಅದರ ಚಿಕಿತ್ಸೆ, ಆಮೇಲೆ ತುಂಡುಗಳನ್ನು ತಂತಿಯಿಂದ ಜೋಡಿಸುವ ಆಪರೇಷನ್.

ಆಪರೇಷನ್‌ನಲ್ಲಿ ಮೊದಲು ನಾರನ್ನು ಕೆರೆದು, ಎರಡೂ ತುಂಡುಗಳ ಅಂಚಿನಲ್ಲಿ ರಕ್ತ ಜಿನುಗುವ ಹಸಿ ಎಲುಬು ಕಾಣುವಂತೆ ಮಾಡುತ್ತಾರೆ. ತುಂಡುಗಳನ್ನು ಹತ್ತಿರ ತರುವುದೇ ದೊಡ್ಡ ಕೆಲಸ. ತಿಂಗಳುಗಟ್ಟಲೆ ಕುಗ್ಗಿದ ಸ್ನಾಯು ಸುಲಭಕ್ಕೆ ಬಗ್ಗುವುದಿಲ್ಲ. ಅಂಟಿಕೊಂಡದ್ದನ್ನು ಬಿಡಿಸಿದರೂ ಸಾಲದಿದ್ದರೆ ಸ್ನಾಯುರಜ್ಜುವನ್ನು (ತೊಡೆಯ ಸ್ನಾಯುವನ್ನು ಚಿಪ್ಪಿಗೆ ಕಟ್ಟುವ ಗಟ್ಟಿ ಹುರಿ) ‘ವಿ’ ಆಕಾರದಲ್ಲಿ ಕೊಯ್ದು, ‘ವೈ’ ಆಕಾರದಲ್ಲಿ ಹೊಲಿದು ಉದ್ದ ಮಾಡುತ್ತಾರೆ. ಸಂದಿ ತೀರಾ ದೊಡ್ಡದಿದ್ದರೆ ಕೆಲವರು ಮೇಲಿನ ತುಂಡಿಗೆ ತಂತಿ ಹಾಕಿ, ಕೆಲವು ವಾರ ತೂಕ ಕಟ್ಟಿ ಎಳೆದ ನಂತರವೇ ಜೋಡಿಸುತ್ತಾರೆ.

ಜೋಡಿಸಲು 1.6ರಿಂದ 2 ಮಿ.ಮೀ. ದಪ್ಪದ ಎರಡು ನೇರ ತಂತಿಗಳನ್ನು ಎರಡೂ ತುಂಡುಗಳ ಒಳಗಿಂದ ಹಾಯಿಸುತ್ತಾರೆ, ಅವುಗಳ ಸುತ್ತ ಚಿಪ್ಪಿನ ಮುಂಭಾಗದಲ್ಲಿ ಇಂಗ್ಲಿಷ್ 8ರ ಆಕಾರದ 18 ಗೇಜ್ ಸ್ಟೀಲ್ ತಂತಿ. ಮೊಣಕಾಲು ಮಡಚಿದಾಗ ಚಿಪ್ಪಿನ ಮುಂಭಾಗ ಬಾಯಿ ಬಿಡಲು ನೋಡುತ್ತದೆ. ತಂತಿ ಅದನ್ನು ತಡೆಯುವುದರಿಂದ ಹಿಂಭಾಗ ಒತ್ತಿ ಕೂಡುತ್ತದೆ. 8ರ ತಂತಿ ಎಲುಬಿಗೆ ತಾಗಿಯೇ ಹೋಗಬೇಕು. ಮಾಂಸದ ನಡುವೆ ಹಾದರೆ ಮಾಂಸ ಕತ್ತರಿಸಿಕೊಂಡು ಸಡಿಲವಾಗುತ್ತದೆ. ನೇರ ತಂತಿಯ ತುದಿ ಬಗ್ಗಿಸಿ ಹೂಳದಿದ್ದರೆ ಅದು ಸರಿದು ಚರ್ಮಕ್ಕೆ ಚುಚ್ಚುತ್ತದೆ. ಬಿಗಿಯುವ ಮೊದಲು ಸರ್ಜನ್ ಚಿಪ್ಪಿನ ಹಿಂದೆ ಬೆರಳು ತೂರಿಸಿ ಕೀಲಿನ ಮೇಲ್ಮೈ ನೋಡುತ್ತಾರೆ: 2 ಮಿ.ಮೀ.ಗಿಂತ ಹೆಚ್ಚಿನ ಮೆಟ್ಟಿಲಿನಂಥ ಏರುಪೇರು ಉಳಿದರೆ ಮುಂದೆ ಕೀಲು ಸವೆಯುತ್ತದೆ. ಚಿಪ್ಪಿನ ಎರಡೂ ಬದಿಯ ಹರಿದ ಪೊರೆಯನ್ನೂ ಹೊಲಿಯಬೇಕು, ಇಲ್ಲದಿದ್ದರೆ ಇಡೀ ಭಾರ ತಂತಿಯ ಮೇಲೇ ಬೀಳುತ್ತದೆ.

ಕೆಳತುದಿಯ ಚೂರು ತೀರಾ ಸಣ್ಣದಿದ್ದರೆ ಅದನ್ನು ತೆಗೆದು ಚಿಪ್ಪಿನ ಕೆಳಗಿನ ರಜ್ಜುವನ್ನು ಉಳಿದ ಚಿಪ್ಪಿಗೆ ಹೊಲಿಯುವುದುಂಟು. ಇಡೀ ಚಿಪ್ಪು ತೆಗೆಯುವುದು ಕೊನೆಯ ದಾರಿ, ಕಾಲು ಚಾಚುವ ಬಲ ಬಹಳ ಕುಂದುತ್ತದೆ.

ತೊಡೆ ಬಿಗಿಹಿಡಿದು ಬಿಡುವ ವ್ಯಾಯಾಮ ಮರುದಿನವೇ ಶುರು. ಮಡಚುವುದನ್ನು ಮೆಲ್ಲಗೆ ಹೆಚ್ಚಿಸುತ್ತ, ಸಾಮಾನ್ಯವಾಗಿ 6 ವಾರಕ್ಕೆ 90 ಡಿಗ್ರಿ ಮುಟ್ಟಿಸುತ್ತಾರೆ. ಸ್ನಾಯು ಉದ್ದ ಮಾಡಿದ್ದರೆ ಇನ್ನೂ ನಿಧಾನ. ಎಕ್ಸ್‌ರೇಯಲ್ಲಿ ಎಲುಬು ಕೂಡಿದ್ದು ಕಾಣುವವರೆಗೆ ಕುಕ್ಕರಗಾಲು ಬೇಡ, ನೆಲದ ಮೇಲಿನ ಪಂಕ್ತಿಯೂ ಬೇಡ. ಸಂಡಾಸಕ್ಕೆ ಕಮೋಡ್ ಕುರ್ಚಿಯನ್ನು ಆಪರೇಷನ್ನಿಗೆ ಮೊದಲೇ ತಂದಿಡಿ.