ತಲೆಕೆಳಗಾದ ಸಾಕೆಟ್ಟಿನ ಗುಟ್ಟು

ಮೈಸೂರಿನಿಂದ ಮಾವನವರು ನ್ಯೂಜೆರ್ಸಿಯ ನಮ್ಮ ಬಾಡಿಗೆ ಮನೆಗೆ ಬಂದ ಮೇಲೆ ಇಂಟರ್‌ನೆಟ್ಟು ದಿನಾ ರಾತ್ರಿ ಹತ್ತಕ್ಕೆ ನಿಂತು, ಬೆಳಿಗ್ಗೆ ಆರಕ್ಕೆ ತಾನಾಗಿ ಬರತೊಡಗಿತು. ಇಂಟರ್‌ನೆಟ್ ಕಂಪನಿಯವರೊಂದಿಗೆ ಎರಡು ಸಲ ಫೋನಿನಲ್ಲಿ ಜಗಳವಾಡಿದ ಮೇಲೆ ನಿಜ ತಿಳಿಯಿತು. ಮಲಗುವ ಮುನ್ನ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸುವುದು ಮಾವನವರ ನಲವತ್ತು ವರ್ಷಗಳ ನೇಮ. ಬೆಳಿಗ್ಗೆ ಕಾಫಿಗೆ ಎದ್ದಾಗ ಹಾಕುವವರೂ ಅವರೇ. ಬಾಗಿಲ ಬಳಿ ಯಾವ ದೀಪಕ್ಕೂ ಸೇರದ ಸ್ವಿಚ್ಚೊಂದಿತ್ತು. ಅದರ ಸಂಬಂಧ ಸೋಫಾದ ಹಿಂದಿನ ಸಾಕೆಟ್ಟಿನೊಂದಿಗೆ. ನಮ್ಮ ರೌಟರ್ ಕುಳಿತಿದ್ದದ್ದು ಅಲ್ಲೇ.

ನಮ್ಮ ಊರಿನಲ್ಲಿ ಪ್ಲಗ್ ಪಾಯಿಂಟ್ ಎಂದರೆ ಪಕ್ಕದಲ್ಲೇ ಅದರ ಸ್ವಿಚ್ಚು ಇರುತ್ತದೆ. ಅಮೆರಿಕದ ಸಾಕೆಟ್ಟುಗಳಿಗೆ ಆ ಸ್ವಿಚ್ಚಿಲ್ಲ, ಹೆಚ್ಚಿನವು ಸದಾ ಚಾಲೂ. ಜೊತೆಗೆ ಎಷ್ಟೋ ಮನೆಗಳ ಹಾಲ್ ಮತ್ತು ಮಲಗುವ ಕೋಣೆಗಳಲ್ಲಿ ಚಾವಣಿ ದೀಪವೇ ಇರುವುದಿಲ್ಲ. ಅಲ್ಲಿನ ರಾಷ್ಟ್ರೀಯ ವಿದ್ಯುತ್ ಸಂಹಿತೆಯ ಪ್ರಕಾರ ವಾಸದ ಪ್ರತಿ ಕೋಣೆಯಲ್ಲೂ ಗೋಡೆಯ ಸ್ವಿಚ್ಚಿನಿಂದ ಹೊತ್ತಿಸಬಹುದಾದ ಬೆಳಕಿನ ವ್ಯವಸ್ಥೆ ಇರಬೇಕು. ಆದರೆ ಅಡುಗೆಮನೆ, ಬಚ್ಚಲುಮನೆ ಬಿಟ್ಟು ಉಳಿದೆಡೆ ಒಂದು ರಿಯಾಯಿತಿ ಇದೆ: ಚಾವಣಿ ದೀಪದ ಬದಲು ಸಾಕೆಟ್ಟೊಂದನ್ನು ಸ್ವಿಚ್ಚಿಗೆ ಜೋಡಿಸಿದರೂ ಸಾಕು, ದೀಪವನ್ನು ನೀವೇ ತಂದು ಅದಕ್ಕೆ ಸಿಕ್ಕಿಸಿಕೊಳ್ಳಬೇಕು. ಕಟ್ಟುವವನಿಗೆ ದೀಪದ ಖರ್ಚು ಉಳಿಯಿತು, ಬಾಡಿಗೆಗೆ ಬಂದವರಿಗೆ ಹುಡುಕುವ ಕೆಲಸ ಬಂತು.

ಹುಡುಕುವಾಗ ಮೊದಲು ಕಣ್ಣಿಗೆ ಕೆಲಸ ಕೊಡಿ. ಅಲ್ಲಿನ ಸಾಕೆಟ್ಟಿನಲ್ಲಿ ಎರಡು ಉದ್ದ ಸೀಳು, ಅವುಗಳ ಕೆಳಗೆ ಒಂದು ದುಂಡನೆಯ ತೂತು ಇರುತ್ತವೆ. ಬಾಯಿ ತೆರೆದು ಬೆರಗಾದ ಮುಖದಂತೆ ಕಾಣುತ್ತದೆ. ಕೆಳಗಿನ ತೂತು ಅರ್ಥಿಂಗ್. ಎಡಗಡೆಯ ತುಸು ದೊಡ್ಡ ಸೀಳು ನ್ಯೂಟ್ರಲ್, ಬಲಗಡೆಯ ಚಿಕ್ಕದು ಕರೆಂಟು ಬರುವ ಫೇಸ್. ಕೋಣೆಯ ಸಾಕೆಟ್ಟುಗಳೆಲ್ಲ ಹೀಗಿದ್ದು, ಒಂದು ಮಾತ್ರ ಅರ್ಥಿಂಗ್ ತೂತನ್ನು ಮೇಲೆ ಮಾಡಿಕೊಂಡು ತಲೆಕೆಳಗಾಗಿ ಕುಳಿತಿದ್ದರೆ ಅನುಮಾನಪಡಿ. ಸ್ವಿಚ್ಚಿಗೆ ಸೇರಿದ ಸಾಕೆಟ್ಟನ್ನು ಗುರುತಿಸಲೆಂದು ಹೀಗೆ ತಿರುಗಿಸಿ ಕೂರಿಸುವ ರೂಢಿ ಅನೇಕ ಎಲೆಕ್ಟ್ರಿಷಿಯನ್ನರಲ್ಲಿದೆ.

ಇದು ರೂಢಿಯಷ್ಟೇ, ನಿಯಮವಲ್ಲ. ಅರ್ಥಿಂಗ್ ಮೇಲಿರಬೇಕೇ ಕೆಳಗಿರಬೇಕೇ ಎಂದು ಸಂಹಿತೆ ಹೇಳುವುದಿಲ್ಲ. ಪ್ಲಗ್ ಅರೆಬರೆ ಹೊರಬಂದಿರುವಾಗ ಮೇಲಿನಿಂದ ಲೋಹದ ವಸ್ತು ಬಿದ್ದರೆ ಮೊದಲು ಅರ್ಥಿಂಗ್ ಪಿನ್ನಿಗೆ ತಗಲಲಿ ಎಂಬುದು ಮೇಲಿರಬೇಕು ಎನ್ನುವವರ ವಾದ. ಇಂಥವರ ಕೈಯಲ್ಲಿ ಕಟ್ಟಿದ ಮನೆಯಾದರೆ ಎಲ್ಲ ಸಾಕೆಟ್ಟುಗಳೂ ತಲೆಕೆಳಗೆ! ವೈರು ಕೆಳಮುಖವಾಗಿ ಇಳಿಯುವ ಚಪ್ಪಟೆ ಪ್ಲಗ್ಗುಗಳೋ ಹೆಚ್ಚಾಗಿ ಅರ್ಥಿಂಗ್ ಕೆಳಗಿದೆ ಎಂದೇ ನಂಬಿ ತಯಾರಾದವು. ಭಾರತದಲ್ಲಿ ಅರ್ಥಿಂಗ್ ಮೇಲಿರುವುದನ್ನೇ ನೋಡಿ ಬೆಳೆದ ಕಣ್ಣಿಗೆ ತಲೆಕೆಳಗಾದದ್ದೇ ಸರಿಯಾಗಿ ಕಾಣುವ ಅಪಾಯವೂ ಇದೆ. ಒಂದು ವ್ಯತ್ಯಾಸ ನೆನಪಿರಲಿ: ನಮ್ಮಲ್ಲಿ ಫೇಸ್ ಬಲಕ್ಕಿರುತ್ತದೆ, ಅಲ್ಲಿ ತಿರುಗಿಸಿ ಕೂರಿಸಿದ ಸಾಕೆಟ್ಟಿನಲ್ಲಿ ಅದು ಎಡಕ್ಕೆ ಬರುತ್ತದೆ.

ಆದ್ದರಿಂದ ಕಣ್ಣು ಹೇಳಿದ್ದನ್ನು ದೀಪದಿಂದ ಖಚಿತಪಡಿಸಿಕೊಳ್ಳಬೇಕು. ಒಂದು ಟೇಬಲ್ ಲ್ಯಾಂಪ್ ತೆಗೆದುಕೊಂಡು, ಅದರದೇ ಸ್ವಿಚ್ಚನ್ನು ಹಾಕಿಟ್ಟುಕೊಳ್ಳಿ. ಪ್ರತಿ ಸಾಕೆಟ್ಟಿಗೂ ಸಿಕ್ಕಿಸಿ, ಗೋಡೆಯ ಸ್ವಿಚ್ಚನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಮಾಡಿ ನೋಡಿ. ಅಮೆರಿಕದಲ್ಲಿ ಸ್ವಿಚ್ಚು ಮೇಲಿದ್ದರೆ ಚಾಲೂ, ನಮ್ಮಲ್ಲಿಯ ಹಾಗೆ ಕೆಳಗಿದ್ದರಲ್ಲ. ಒಬ್ಬರೇ ಇದ್ದರೆ ದೀಪದ ಬದಲು ರೇಡಿಯೊ ಸಿಕ್ಕಿಸಿ ಜೋರಾಗಿ ಹಾಕಿದರೆ ಬಾಗಿಲ ಬಳಿ ನಿಂತೇ ಗೊತ್ತಾಗುತ್ತದೆ. ಪ್ಲಗ್ ಒಳಗೆ ಹೋಗದಿದ್ದರೆ ಗಾಬರಿ ಬೇಡ. ಹೊಸ ಮನೆಗಳ ಸಾಕೆಟ್ಟಿನೊಳಗೆ ಮಕ್ಕಳ ಸುರಕ್ಷತೆಗೆ ಪರದೆಯಿದೆ, ಎರಡು ಪಿನ್ನುಗಳೂ ಒಟ್ಟಿಗೆ ಒತ್ತಿದಾಗಲೇ ಅದು ಸರಿಯುತ್ತದೆ.

ಬಹಳ ಮಂದಿ ತಪ್ಪುವುದು ಇಲ್ಲಿ: ಒಂದು ಪೆಟ್ಟಿಗೆಯಲ್ಲಿ ಮೇಲೊಂದು ಕೆಳಗೊಂದು ಎಂದು ಎರಡು ಸಾಕೆಟ್ಟು ಇರುತ್ತವೆ. ಮೇಲಿನದನ್ನಷ್ಟೇ ನೋಡಿ ಮುಂದೆ ಹೋಗಬೇಡಿ. ಒಂದು ಸಾಕೆಟ್ಟು ಸ್ವಿಚ್ಚಿಗೆ ಸೇರಿ, ಇನ್ನೊಂದು ಸದಾ ಚಾಲೂ ಇರುವುದು ಬಹಳ ಸಾಮಾನ್ಯ. ಎರಡು ಬಾಗಿಲಿನ ಕೋಣೆಯಾದರೆ ಎರಡು ಸ್ವಿಚ್ಚುಗಳು ಒಂದೇ ಸಾಕೆಟ್ಟನ್ನು ಆಳುತ್ತಿರಬಹುದು. ನಮ್ಮವರು ಟೂ-ವೇ ಎನ್ನುವ ಇದನ್ನು ಅಲ್ಲಿನವರು ತ್ರೀ-ವೇ ಎನ್ನುತ್ತಾರೆ. ಇಂಥ ಜೋಡಿ ಸ್ವಿಚ್ಚುಗಳಲ್ಲಿ ಮೇಲೆ-ಕೆಳಗೆಯ ಲೆಕ್ಕ ನಡೆಯುವುದಿಲ್ಲ.

ಯಾವುದೂ ಸಿಗಲಿಲ್ಲವೇ? ಮಂಚ, ಕಪಾಟುಗಳ ಹಿಂದೆ ಬಗ್ಗಿ ನೋಡಿ, ಮನೆಯ ಹೊರಗೋಡೆಯ ಸಾಕೆಟ್ಟನ್ನೂ ಮರೆಯಬೇಡಿ. ಸಿಕ್ಕಿದ ಮೇಲೆ ಒಂದು ಚುಕ್ಕಿ ಸ್ಟಿಕ್ಕರ್ ಅಂಟಿಸಿ. ಹುಬ್ಬಳ್ಳಿಯಿಂದ ಬರುವ ಅತ್ತೆಗೂ ಹೇಳಿಡಿ. ಆ ಸಾಕೆಟ್ಟಿನಲ್ಲಿ ದೀಪ ಮಾತ್ರ ಇರಲಿ. ರೌಟರ್, ಫೋನಿನ ಚಾರ್ಜರ್, ರಾತ್ರಿಯಿಡೀ ನಡೆಯಬೇಕಾದ ವೈದ್ಯಕೀಯ ಯಂತ್ರ ಬೇಡ. ಹೀಟರ್ ಅಂತೂ ಬೇಡವೇ ಬೇಡ: ದೀಪವೆಂದುಕೊಂಡು ಯಾರೋ ಸ್ವಿಚ್ಚು ಹಾಕಿ ಹೋದರೆ ಖಾಲಿ ಕೋಣೆಯಲ್ಲಿ ಪರದೆಯ ಪಕ್ಕ ಅದು ಕಾಯುತ್ತಿರುತ್ತದೆ. ಆ ಸ್ವಿಚ್ಚಿನ ಜಾಗದಲ್ಲಿ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಸಾಮಾನ್ಯ ಡಿಮ್ಮರ್ ಕೂರಿಸುವುದೂ ತಪ್ಪು.

ಬಾಡಿಗೆಯವರು ಇಷ್ಟಕ್ಕೇ ನಿಲ್ಲಿಸಿ, ಸ್ಕ್ರೂಡ್ರೈವರನ್ನು ಮನೆ ಮಾಲೀಕರಿಗೆ ಬಿಡಿ. ಸ್ವಂತ ಮನೆಯವರು ಹಳೆಯ ಸಾಕೆಟ್ಟು ಬದಲಿಸುವುದಾದರೆ ಮೊದಲು ಅದರ ಕರೆಂಟು ಕಡಿಯುವ ಬ್ರೇಕರ್ ಇಳಿಸಿ, ಮೇಲಿನದು ಕೆಳಗಿನದು ಎರಡರಲ್ಲೂ ಕರೆಂಟಿಲ್ಲವೆಂದು ಟೆಸ್ಟರಿನಿಂದ ನೋಡಿ; ಎರಡು ಭಾಗಗಳಿಗೂ ಬೇರೆ ಬೇರೆ ಬ್ರೇಕರಿನಿಂದ ಕರೆಂಟು ಬರುತ್ತಿರಬಹುದು. ಆಮೇಲೆ ಹಳೆಯ ಸಾಕೆಟ್ಟಿನ ಪಕ್ಕದ ಹಿತ್ತಾಳೆ ಸ್ಕ್ರೂಗಳ ನಡುವೆ ಕಣ್ಣಿಡಿ. ಮೇಲಿನ-ಕೆಳಗಿನ ಭಾಗಗಳನ್ನು ಕೂಡಿಸುವ ಚಿಕ್ಕ ಲೋಹದ ಪಟ್ಟಿಯನ್ನು ಅಲ್ಲಿ ಮುರಿದಿದ್ದರೆ, ಹೊಸದರಲ್ಲೂ ಹಿತ್ತಾಳೆ ಬದಿಯ ಪಟ್ಟಿಯನ್ನು ಇಕ್ಕಳದಿಂದ ಮುರಿಯಬೇಕು. ಮುರಿಯದೆ ಜೋಡಿಸಿದರೆ ಎರಡೂ ಸದಾ ಚಾಲೂ ಆಗಿ ಗೋಡೆಯ ಸ್ವಿಚ್ಚು ಮತ್ತೆ ನಿರುದ್ಯೋಗಿಯಾಗುತ್ತದೆ. ಬ್ರೇಕರುಗಳು ಬೇರೆಯಾಗಿದ್ದರೆ ಅಪಾಯವೇ ಆಗುತ್ತದೆ. ಬೆಳ್ಳಿ ಬಣ್ಣದ ಸ್ಕ್ರೂಗಳ ಬದಿಯ ಪಟ್ಟಿ ಹಳೆಯದರಲ್ಲಿ ಇಡಿಯಾಗಿದ್ದರೆ ಹೊಸದರಲ್ಲೂ ಇಡಿಯಾಗಿರಲಿ. ಡಬ್ಬಿ ಬಿಚ್ಚಿದಾಗ ವೈರುಗಳ ಲೆಕ್ಕ ಅರ್ಥವಾಗದಿದ್ದರೆ ಫೋಟೊ ತೆಗೆದು, ಮುಚ್ಚಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ.

ನಮ್ಮ ರೌಟರ್ ಈಗ ಅದೇ ಪೆಟ್ಟಿಗೆಯ ಕೆಳಗಿನ ಸಾಕೆಟ್ಟಿನಲ್ಲಿದೆ. ಮೇಲಿನದಕ್ಕೆ ಲ್ಯಾಂಪ್ ಸಿಕ್ಕಿಸಿದ್ದೇವೆ, ಮಾವನವರು ರಾತ್ರಿ ಹತ್ತಕ್ಕೆ ಅದನ್ನು ಆರಿಸುತ್ತಾರೆ.