ಬಿಪಿ ಇರೋ ಹಿರಿಯರು ವಾಕಿಂಗ್ ಹೆಂಗ ಮಾಡ್ಬೇಕು? ತಲಿನೂ ಚುರುಕಿರಬೇಕಂದ್ರ ಹಿಂಗ ಮಾಡ್ರಿ

ನಮ್ಮಪ್ಪಗ 68 ವರ್ಷ, ಬಿಪಿ ಗುಳಿಗಿ ಶುರುವಾಗಿ ಹತ್ತು ವರ್ಷ ಆತು. ದಿನಾ ಮುಂಜಾನೆ ಬಳ್ಳಾರಿ ಕ್ವಾಟಿ ಕಡೆ ವಾಕಿಂಗ್ ಹೊಕ್ಕೀನಿ ಅಂತಾರ. ಒಂದಿನ ನಾನೂ ಜೊತಿಗೆ ಹೋದೆ ನೋಡ್ರಿ, ಒಂದು ತಾಸಿನಾಗ ನಡದದ್ದು ಇಪ್ಪತ್ತು ನಿಮಿಷ, ಉಳಿದಿದ್ದೆಲ್ಲ ಕಟ್ಟಿ ಮ್ಯಾಲೆ ಕುಂತು ಪಾಲಿಟಿಕ್ಸು, ಆಮ್ಯಾಲೆ ವಗ್ಗರಣಿ-ಮಿರ್ಚಿ. ಅದನ್ನೂ ವಾಕಿಂಗ್ ಲೆಕ್ಕಕ್ಕ ಹಿಡೀತಾರ!

ಬಿಪಿ ಅಂದ್ರ ಹಾರ್ಟಿಂದು ಅಂತಷ್ಟೇ ತಿಳ್ಕೊಂಡೀವಿ, ಮೆದುಳಿಗೂ ಅದರ ಪೆಟ್ಟು ಬೀಳ್ತೈತಿ. ಮೆದುಳಿನ ಒಳಗ ಭಾಳ ಸಣ್ಣ ಸಣ್ಣ ರಕ್ತನಾಳ ಇರ್ತಾವ, ವರ್ಷಗಟ್ಟಲೆ ಪ್ರೆಶರ್ ಬಿದ್ದು ಅವು ಬಿರುಸಾಗಿ, ಸಂದು ಕಿರಿದಾಗಿ, ತೋಟದ ಡ್ರಿಪ್ ಪೈಪಿನಾಗ ಉಪ್ಪು ಕಟ್ಟಿ ಕೊನೀ ಗಿಡಕ್ಕ ನೀರು ಮುಟ್ಟದಂಗ ಆಗ್ತೈತಿ. ಸ್ಟ್ರೋಕ್ ಆಗದಿದ್ರೂ ನೆನಪು, ಲೆಕ್ಕ, ಯೋಚನೆ ಮೆಲ್ಲಕ ಮಂದ ಆಗೋದು ಹಿಂಗ.

ಅಮೆರಿಕಾದಾಗ ಬಿಪಿ ಇದ್ದ, 50 ದಾಟಿದ 9,361 ಮಂದಿ ಮ್ಯಾಲೆ ಸ್ಪ್ರಿಂಟ್ ಅಂತ ಒಂದು ದೊಡ್ಡ ಅಧ್ಯಯನ ನಡೀತು. ಮೇಲಿನ ಬಿಪಿ 120ರ ಕೆಳಗ ಇಡಬೇಕಂತ ಟ್ರೀಟ್‌ಮೆಂಟ್ ಕೊಟ್ಟೋರಲ್ಲಿ, 140ರ ಗುರಿ ಇದ್ದೋರಿಗಿಂತ ಆರಂಭದ ಮರೆವಿನ ತೊಂದ್ರೆ 19 ಪರ್ಸೆಂಟ್ ಕಮ್ಮಿ ಅಂತ 2019ರಾಗ ಗೊತ್ತಾತು. ಆಮ್ಯಾಲೆ ಅದೇ ಮಂದಿಯ ಲೆಕ್ಕ ಮತ್ತೆ ತಗದು ನೋಡಿದಾಗ, ವಾರಕ್ಕ ಒಂದ್ಸಲ ಆದ್ರೂ ಏದುಸಿರು ಬರೋಹಂಗ ವ್ಯಾಯಾಮ ಮಾಡೋರಿಗೆ ಮರೆವು ಕಮ್ಮಿ ಕಂಡಿತು. 75 ದಾಟಿದೋರಲ್ಲಿ ಮಾತ್ರ ಆ ಲಾಭ ಅಷ್ಟು ಕಾಣ್ಲಿಲ್ಲ. ಗ್ಯಾರಂಟಿ ಅಂತ ತಿಳೀಬ್ಯಾಡ್ರಿ, ಆದ್ರ ಉಸಿರು ಏರದ ವಾಕಿಂಗ್ ಸಾಕಾಗಂಗಿಲ್ಲ ಅನ್ನೋದು ನನ್ನ ತಲಿಗೆ ಹೊಕ್ಕಿದ್ದು ಇದರಿಂದನ.

ಸರಿ, ಶುರು ಹೆಂಗ? ಮೊದಲು ಬಿಪಿ ನೋಡ್ಕೋರಿ. ಚಾ ಕುಡದು ಅರ್ಧ ತಾಸು ಆಗಿರಬೇಕು, ಐದು ನಿಮಿಷ ಬೆನ್ನು ಆನಿಸಿ ಸುಮ್ನ ಕುಂತಿರಬೇಕು, ಆಮ್ಯಾಲೆ ಪಟ್ಟಿ ಕಟ್ರಿ. 180/110 ಇಲ್ಲಾ ಅದಕ್ಕಿಂತ ಮ್ಯಾಲೆ ಬಂದ್ರ ಆವತ್ತು ವಾಕಿಂಗ್ ಬ್ಯಾಡ, ಡಾಕ್ಟರ್ ಕಡೆ ಹೋಗ್ರಿ. ಹಾರ್ಟ್ ತೊಂದ್ರೆ, ಮೊಣಕಾಲು ನೋವು ಇದ್ದೋರು ಕೇಳದ ಶುರು ಮಾಡಬ್ಯಾಡ್ರಿ.

ಮೊದಲ ಎರಡು-ಮೂರು ವಾರ ದಿನಾ ಹತ್ತು-ಹದಿನೈದು ನಿಮಿಷ ಸಾಕು. ಮೆಲ್ಲಕ ಏರಿಸ್ಕೋತ ವಾರಕ್ಕ 150 ನಿಮಿಷಕ್ಕ ಬರ್ರಿ, ಅಂದ್ರ ಐದು ದಿನ ಅರ್ಧರ್ಧ ತಾಸು. ಸ್ಪೀಡ್ ಗೊತ್ತಾಗೋದು ಹೆಂಗ ಅಂದ್ರ, ಮಾತಾಡೋಕ ಆಗಬೇಕು, ಹಾಡೋಕ ಆಗಬಾರದು. ಕೈಯಾಗಿನ ವಾಚಿನ ಹಾರ್ಟ್ ರೇಟ್ ನಂಬಬ್ಯಾಡ್ರಿ, ಅಟೆನೊಲಾಲ್, ಮೆಟೊಪ್ರೊಲಾಲ್ ಅನ್ನೋ ಬಿಪಿ ಗುಳಿಗಿ ತಗೊಳ್ಳೋರಿಗೆ ನಾಡಿ ಏರೋದೇ ಕಮ್ಮಿ, ಅದನ್ನ ನೋಡಿ ಇನ್ನೂ ಜೋರು ನಡದ್ರ ಸುಸ್ತಾಗಿ ಬೀಳ್ತೀರಿ.

ಇದು ರೂಢಿ ಆದ ಮ್ಯಾಲೆ ಡಾಕ್ಟರ್ ಹೂಂ ಅಂದ್ರ, ವಾರಕ್ಕೊಂದಿನ ಏರು ಹತ್ರಿ. ಒಂದು ನಿಮಿಷ ಜೋರು, ಎರಡು ನಿಮಿಷ ಮೆಲ್ಲಕ, ಐದಾರು ಸಲ. ಅಂಜನಾದ್ರಿಯ 575 ಮೆಟ್ಲು ಒಂದೇ ದಿನ ಹತ್ತಿ ತೋರಿಸ್ತೀನಿ ಅನ್ನಬ್ಯಾಡ್ರಿ ಮತ್ತ!

ವಾರಕ್ಕೆರಡು ದಿನ ಸ್ನಾಯುಗಳಿಗೂ ಕೆಲಸ ಕೊಡ್ರಿ. ಗೋಡಿಗೆ ಹತ್ತಿದ ಕುರ್ಚಿ ಮ್ಯಾಲೆ ಕುಂತು, ಕೈ ಊರದ ಹತ್ತು ಸಲ ಏಳೋದು-ಕುಂದ್ರೋದು. ಇಲ್ಲೇ ಭಾಳ ಮಂದಿ ತಪ್ಪು ಮಾಡ್ತಾರ. ನಮ್ಮವ್ವ ತುಂಬಿದ ಕೊಡ ಎತ್ತುವಾಗ ತುಟಿ ಬಿಗಿಹಿಡೀತಾಳ, ಮುಖ ಕೆಂಪಾಗ್ತೈತಿ, ಕುತ್ತಿಗಿ ನರ ಎದ್ದು ಕಾಣ್ತೈತಿ, ಆ ಹೊತ್ತಿಗೆ ಬಿಪಿ ಸರ್ರನ ಏರಿರ್ತೈತಿ. ಏಳುವಾಗ ಉಸಿರು ಬಿಡ್ರಿ, ಕುಂದ್ರುವಾಗ ಒಳಗ ತಗೋರಿ.

ನಮ್ಮ ಬ್ಯಾಸಿಗಿ ಗೊತ್ತಲ್ಲ, 40 ಡಿಗ್ರಿ ದಾಟ್ತೈತಿ. ಬೆಳಕು ಹರಿಯೋ ಹೊತ್ತಿಗೆ ಹೋಗಿ ಬಂದ್ಬಿಡ್ರಿ. ಮೂತ್ರ ಹೆಚ್ಚು ಹೋಗೋಹಂಗ ಮಾಡೋ ಬಿಪಿ ಗುಳಿಗಿ ತಗೊಳ್ಳೋರಿಗೆ ಮೈಯಾಗಿನ ನೀರು, ಉಪ್ಪು ಬೇಗ ಇಳೀತಾವ, ಕಣ್ಣು ಕತ್ತಲೆ ಬರ್ತೈತಿ, ನೀರೆಷ್ಟು ಕುಡೀಬೇಕು ಅಂತ ಡಾಕ್ಟರಿಗೆ ಕೇಳಿಟ್ಕೋರಿ. ಮುಗಿಸುವಾಗ ಗಪ್ಪನ ನಿಂದ್ರಬ್ಯಾಡ್ರಿ, ಕೊನೀ ಐದು ನಿಮಿಷ ಮೆಲ್ಲಕ ನಡದು ಆಮ್ಯಾಲೆ ಕಟ್ಟಿಗೆ ಕುಂದ್ರಿ.

ಎದಿ ಬಿಗಿದ್ರ, ತಲಿ ತಿರುಗಿದ್ರ ಅಲ್ಲೇ ಕುಂದ್ರಿ. ಎದಿ ಬಿಗಿತ ಬಿಡದಿದ್ರ, ಇಲ್ಲಾ ಬಾಯಿ ಒಂದು ಕಡೆ ಸೊಟ್ಟ ಆದ್ರ, ಒಂದು ಕೈ ಎತ್ತೋಕ ಆಗದಿದ್ರ, ಮಾತು ತೊದಲಿದ್ರ ಮನಿಗೆ ಹೋಗಿ ಮಲಕೊಂಡು ನೋಡೋಣ ಅನ್ನಬ್ಯಾಡ್ರಿ, ಜೊತಿಗಿದ್ದೋರು ತಡ ಮಾಡದ 108ಕ್ಕ ಫೋನ್ ಹಚ್ರಿ.