ದಿನದ ಬಾಡಿಗೆ: ದರ ಹೇಳುವ ಮೊದಲು ಲೆಕ್ಕ ಹಾಕುವುದು ಹೇಗೆ?

ಸಂಜೆ ಕೈಗೆ ಬಂದ ಬಾಡಿಗೆಯಲ್ಲಿ ಡೀಸೆಲ್ ಖರ್ಚು ಕಳೆದು ಉಳಿದದ್ದೆಲ್ಲ ಸಂಪಾದನೆ ಎಂದುಕೊಳ್ಳುವ ಚಾಲಕರು ಬಹಳ. ವಿಮೆ ಕಟ್ಟುವ ತಿಂಗಳು ಬಂದಾಗ ಅಥವಾ ನಾಲ್ಕೂ ಟೈರ್ ಒಟ್ಟಿಗೆ ಸವೆದಾಗ ಅವರು ಸಾಲಕ್ಕೆ ಕೈಯೊಡ್ಡಬೇಕಾಗುವುದು ಇದೇ ಕಾರಣಕ್ಕೆ.

ಮೊದಲು, ಗಾಡಿ ನಿಂತರೂ ತಪ್ಪದ ಖರ್ಚುಗಳನ್ನು ಬರೆದುಕೊಳ್ಳಿ: ವರ್ಷದ ಸಾಲದ ಕಂತು, ವಿಮೆ, ತೆರಿಗೆ, ಪರ್ಮಿಟ್. ಒಟ್ಟು ಮೊತ್ತವನ್ನು 365ರಿಂದ ಭಾಗಿಸಬೇಡಿ. ತಿಂಗಳಿಗೆ ಸರಾಸರಿ 20 ದಿನ ಬಾಡಿಗೆ ಸಿಗುತ್ತಿದ್ದರೆ 240ರಿಂದ ಭಾಗಿಸಿ. ಒಂದು ದಿನದ ಹೊರೆ ಸುಮಾರು ಒಂದೂವರೆ ಪಟ್ಟಾಗುತ್ತದೆ. ನಿಜವಾದ ಹೊರೆ ಅದೇ.

ಎರಡನೆಯದು ಮೈಲೇಜ್. ಕಂಪನಿ ಹೇಳಿದ ಅಂಕಿ ನಂಬಿ ಕೂರಬೇಡಿ. ಟ್ಯಾಂಕ್ ಭರ್ತಿ ಮಾಡಿಸಿ ಮೀಟರ್ ಬರೆದುಕೊಳ್ಳಿ, ಮುಂದಿನ ಸಲ ಮತ್ತೆ ಭರ್ತಿ ಮಾಡಿಸಿ, ನಡುವೆ ಓಡಿದ ಕಿಲೋಮೀಟರನ್ನು ಆಗ ಹಿಡಿದ ಲೀಟರಿನಿಂದ ಭಾಗಿಸಿ. ಎಸಿ ಹಾಕಿಕೊಂಡು ಜನ ತುಂಬಿ ಘಟ್ಟ ಹತ್ತಿದ ದಿನದ ಲೆಕ್ಕ ಬೇರೆಯೇ ಇರಲಿ.

ಹೆಚ್ಚು ಜನ ಎಡವುವುದು ಖಾಲಿ ಓಡಾಟದಲ್ಲಿ. ಗಿರಾಕಿಯನ್ನು 120 ಕಿ.ಮೀ. ದೂರ ಬಿಟ್ಟು ಬರಬೇಕು ಅಂದುಕೊಳ್ಳಿ. ವಾಪಸು 120, ಮನೆಯಿಂದ ಗಿರಾಕಿ ಹತ್ತುವ ಜಾಗಕ್ಕೆ ಹೋಗಿ ಬರಲು 20, ಒಟ್ಟು 260. ಲೀಟರಿಗೆ 13 ಕಿ.ಮೀ. ಕೊಡುವ ಗಾಡಿಗೆ 20 ಲೀಟರ್ ಬೇಕು. ಗಿರಾಕಿ ಕೂತಿದ್ದ ದೂರವನ್ನಷ್ಟೇ ಹಿಡಿದರೆ ಒಂಬತ್ತು ಲೀಟರ್ ಚಿಲ್ಲರೆ. ಉಳಿದದ್ದು ಚಾಲಕನ ಜೇಬಿನಿಂದ ಹೋಗುತ್ತದೆ. ಆದ್ದರಿಂದ ಮೀಟರ್ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಮುಂಗಡ ತೆಗೆದುಕೊಳ್ಳುವಾಗಲೇ ಸ್ಪಷ್ಟವಾಗಿ ಹೇಳಿ. ಕನಿಷ್ಠ ಕಿಲೋಮೀಟರ್, ಹೆಚ್ಚುವರಿ ಗಂಟೆ, ರಾತ್ರಿ ಬಾಟಾ (ಚಾಲಕನ ಭತ್ಯೆ), ಟೋಲ್, ಪಾರ್ಕಿಂಗ್ ಎಲ್ಲವೂ ಮೆಸೇಜಿನಲ್ಲಿ ಬರಹವಾಗಿ ಇರಲಿ. ಹೊರಡುವಾಗ, ಮುಗಿಸುವಾಗ ಮೀಟರಿನ ಫೋಟೊ ತೆಗೆಯಿರಿ. ಜಗಳಗಳಲ್ಲಿ ಬಹುಪಾಲು ಇಷ್ಟರಿಂದಲೇ ತಪ್ಪುತ್ತವೆ.

ನಾಲ್ಕೂ ಟೈರಿನ ಒಟ್ಟು ಬೆಲೆಯನ್ನು ಅವು ಬಾಳುವ ದೂರದಿಂದ, ಉದಾಹರಣೆಗೆ 40,000 ಕಿ.ಮೀ.ಯಿಂದ, ಭಾಗಿಸಿ, ಆಯಿಲ್ ಸರ್ವಿಸಿಗೂ ಹಾಗೆಯೇ ಮಾಡಿ. ಬಂದ ಮೊತ್ತವನ್ನು ಓಡಿದ ದೂರಕ್ಕೆ ಗುಣಿಸಿ ಅಂದೇ ಬೇರೆ ಖಾತೆಗೆ ಹಾಕಿ. ಟೈರಿನ ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುವೆ ಸವೆದಿದ್ದರೆ ಗಾಳಿ ಹೆಚ್ಚು, ಒಂದೇ ಅಂಚು ಸವೆದಿದ್ದರೆ ಹೆಚ್ಚಾಗಿ ಅಲೈನ್‌ಮೆಂಟ್ (ಚಕ್ರಗಳ ನೇರ ಜೋಡಣೆ) ತಪ್ಪಿದೆ ಎಂದರ್ಥ. ಗಾಳಿ ನೋಡಬೇಕಾದ್ದು ಬೆಳಿಗ್ಗೆ, ಟೈರ್ ತಣ್ಣಗಿರುವಾಗ.

ಕೊನೆಗೆ ನಿಮ್ಮ ಕೂಲಿ. ಸ್ವಂತ ಗಾಡಿಯವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಇದು ದೊಡ್ಡ ಅನ್ಯಾಯ. ಬೇರೆ ಚಾಲಕನನ್ನು ಇಟ್ಟುಕೊಂಡಿದ್ದರೆ ಎಷ್ಟು ಕೊಡುತ್ತಿದ್ದಿರೋ ಅಷ್ಟನ್ನು ಖರ್ಚಿನ ಪಟ್ಟಿಯಲ್ಲೇ ಬರೆಯಿರಿ. ಅದನ್ನೂ ಕಳೆದು ಏನಾದರೂ ಉಳಿದರೆ ಮಾತ್ರ ಲಾಭ.

ಮಾಲೀಕರಿಂದ ದಿನಬಾಡಿಗೆಗೆ ಗಾಡಿ ಪಡೆದು ಓಡಿಸುವವರಿಗೆ ಮೊದಲ ಲೆಕ್ಕದ ಜಾಗದಲ್ಲಿ ಮಾಲೀಕರಿಗೆ ಕಟ್ಟುವ ಹಣ ಬರುತ್ತದೆ. ಕೀಲಿ ತೆಗೆದುಕೊಳ್ಳುವಾಗ ಗೀರು, ಡೀಸೆಲ್ ಮಟ್ಟ, ಸ್ಟೆಪ್ನಿ, ಜಾಕ್ ನೋಡಿಕೊಳ್ಳಿ. ಗಾಡಿ ಕೆಟ್ಟು ನಿಂತ ದಿನದ ಬಾಡಿಗೆ ಯಾರ ತಲೆಗೆ ಎಂಬುದೂ ಆಗಲೇ ಇತ್ಯರ್ಥವಾಗಲಿ.